ಸ್ವಲ್ಪ ಬೆಳಕಿಗೆ ಬಾ, ಬೇಟಿ

ಹೆಣ್ಣು ನೋಡಲು ಬಂದವರು ಚಹಾ ಕುಡಿದು ಮುಗಿಸಿದ್ದರು. ಎಂ.ಎಸ್ಸಿ. ಮಾಡಿ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಹುಡುಗಿ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ತಾಯಿಯ ಪಕ್ಕದಲ್ಲಿ ಕುಳಿತಿದ್ದಳು. ಹುಡುಗನ ತಾಯಿ ಬಹಳ ಮೃದುವಾದ ದನಿಯಲ್ಲಿ, 'ಇಲ್ಲಿ ಕತ್ತಲೆ, ಸ್ವಲ್ಪ ಕಿಟಕಿ ಹತ್ತಿರ ಬೆಳಕಿಗೆ ಬಾ ಬೇಟಿ' ಎಂದರು. ಹುಡುಗಿ ಎದ್ದು ಹೋಗಿ ನಿಂತಳು. ಮುಖಕ್ಕಾದರೆ ಪೌಡರು ಹಚ್ಚಿರಬಹುದು ಎಂಬ ಅನುಮಾನದಿಂದಲೋ ಏನೋ, ಆಕೆಯ ಕಣ್ಣು ಹುಡುಗಿಯ ಪಾದಗಳ ಮೇಲೆ ಇಳಿಯಿತು. ಮೂರು ದಿನ ಕಳೆದು ಮಧ್ಯಸ್ಥರ ಮೂಲಕ ಉತ್ತರ ಬಂತು. ಖಾಂದಾನ್ ಒಳ್ಳೆಯದು, ಹುಡುಗಿ ಓದಿದವಳು, ನಾಕ್-ನಖ್ಷಾ ಚೆನ್ನಾಗಿದೆ. ಆದರೆ ರಂಗ್ ಅಷ್ಟು ಸಾಫ್ ಇಲ್ಲ. ಹುಡುಗನನ್ನು ಒಪ್ಪಿಸಬಹುದು, ಒಂದು ಕಾರಿನ ಮಾತು ಬಂದರೆ.

ಹೆಣ್ಣಿನ ಕಡೆಯವರೆಂದು ನಾವೂ ಆ ಮನೆಯಲ್ಲಿದ್ದೆವು. ಬಿಸ್ಕತ್ತು ತಿಂದೆವು, ಬಾಯಿ ಬಿಡಲಿಲ್ಲ. ಈ ಲೇಖನ ಆ ದಿನವೇ ಆಡಬೇಕಾಗಿದ್ದ ಮಾತು.

ಈ 'ಸಾಫ್' ಎಂಬ ಪದವನ್ನೇ ನೋಡಿ. ನಾವು ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ಸಾಫ್ ಎಂದರೆ ಶುಭ್ರ, ಕೊಳೆಯಿಲ್ಲದ್ದು ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ಹಾಗಾದರೆ ರಂಗ್ ಸಾಫ್ ಇಲ್ಲದ ಹುಡುಗಿ ಕೊಳಕಾದವಳೇ? ಐದು ಹೊತ್ತು ವುಝೂ ಮಾಡುವವಳು! ಕನ್ನಡವೇನು ಹಿಂದೆ ಬಿದ್ದಿಲ್ಲ. 'ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎನ್ನುತ್ತೇವೆ. ಆ 'ಆದರೂ' ಎಂಬ ಮೂರಕ್ಷರವನ್ನು ಹೊತ್ತುಕೊಂಡು ಎಷ್ಟು ಹೆಣ್ಣುಮಕ್ಕಳು ಬೆಳೆದರೋ. ಕತೆ ಬರೆಯುವ ನಾವು ಕೂಡ ಇದರಿಂದ ಹೊರತಲ್ಲ. ಮೊದಮೊದಲು ಬರೆದ ಕತೆಗಳನ್ನು ಮೊನ್ನೆ ತಿರುವಿ ಹಾಕಿದಾಗ ನಾಯಕಿಯರೆಲ್ಲ ಹಾಲಿನ ಬಣ್ಣದವರು, ಮನೆಗೆಲಸದವಳು ಮಾತ್ರ ಕಪ್ಪು. ನಾಚಿಕೆಯಾಯಿತು.

ಸೌಂದರ್ಯವನ್ನು ಬಯಸುವುದು ಮನುಷ್ಯಸಹಜ, ಹುಡುಗನಿಗೂ ಇಷ್ಟಾನಿಷ್ಟ ಇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇರಲಿ. ಹುಡುಗಿಗೂ ಇರುತ್ತದೆ, ಅವಳನ್ನು ಯಾರೂ ಕೇಳುವುದಿಲ್ಲ ಎಂಬುದು ಬೇರೆ ಮಾತು. ಆದರೆ ಒಪ್ಪಿಗೆಯಾಗದ ಬಣ್ಣ ಒಂದು ಕಾರು ಬಂದ ಕೂಡಲೇ ಒಪ್ಪಿಗೆಯಾಗುವುದಾದರೆ ಅದು ಕಣ್ಣಿನ ಇಷ್ಟ ಹೇಗಾದೀತು? ಅದು ಸಂತೆಯಲ್ಲಿ ದನದ ಹಲ್ಲು ಎಣಿಸಿ, ಸುಳಿ ಹುಡುಕಿ ದರ ಇಳಿಸುವವನ ಚೌಕಾಶಿ. ಜಹೇಜ್ ಕೇಳಲು ನಾಚಿಕೊಳ್ಳುವ ಮನೆಯವರೂ ಬಣ್ಣದ ಕೊರತೆಯನ್ನು ನಾಚಿಕೆಯಿಲ್ಲದೆ ಹೇಳುತ್ತಾರೆ. ಉಳಿದ ಲೆಕ್ಕವನ್ನು ಹೆಣ್ಣಿನ ತಂದೆಯೇ ಹಾಕಿಕೊಳ್ಳುತ್ತಾನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಈ ಪಿಸುಮಾತನ್ನು ಹಿಡಿಯಲಾರದು. ನಮ್ಮ ಮದುವೆಗಳಲ್ಲಿ ಗಂಡು ಕೊಡಬೇಕಾದ ಮಹರ್ ಎಷ್ಟೋ ಸಲ ಉಧಾರ್, ಹೆಣ್ಣಿನವರು ಕೊಡಬಾರದ ಜಹೇಜ್ ಮಾತ್ರ ನಗದು.

ಆ ಹುಡುಗಿಯ ತಂದೆಯ ಬಳಿ ಇದ್ದದ್ದು ಹಳೆಯದೊಂದು ಮೊಪೆಡ್. ಪೈಗಾಮ್ ಅಲ್ಲಿಗೇ ನಿಂತಿತು. ನಮ್ಮನ್ನು ಕಾಡುವುದು ಅವಳಲ್ಲ, ಅವಳು ಗಟ್ಟಿಗಿತ್ತಿ. ಕಾಡುವುದು ಎಂಟನೇ ತರಗತಿಯಲ್ಲಿದ್ದ ಅವಳ ತಂಗಿ. ಪರದೆಯ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದಳು. ಅಕ್ಕನ ಎಂ.ಎಸ್ಸಿ.ಗಿಂತ ಅಕ್ಕನ ಪಾದದ ಬಣ್ಣಕ್ಕೆ ಹೆಚ್ಚು ತೂಕವೆಂಬ ಪಾಠ ಅವಳಿಗೆ ಒಂದೇ ಮಧ್ಯಾಹ್ನದಲ್ಲಿ ಬಾಯಿಪಾಠವಾಯಿತು. ಮೊದಲು ಅಂಗಡಿಯ ಮುಂದೆ ತೋರಣದಂತೆ ತೂಗುವ ಕ್ರೀಮಿನ ಪೊಟ್ಟಣ. ಆಮೇಲೆ ಗೆಳತಿ ಹೇಳಿಕೊಟ್ಟ, ಮೆಡಿಕಲ್ ಸ್ಟೋರಿನ ಟ್ಯೂಬು. ಎರಡು ವಾರದಲ್ಲಿ ಮುಖ ಬೆಳ್ಳಗಾಯಿತು, ಮನೆಯವರೆಲ್ಲ ಹೊಗಳಿದರು. ಕೆಲವು ತಿಂಗಳಿಗೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಎದ್ದವು, ಮೊಡವೆ ತುಂಬಿತು, ಬಿಸಿಲಿಗೆ ಬಂದರೆ ಉರಿ. ಬಿಟ್ಟರೆ ಇನ್ನೂ ಉರಿ. ಅದು ಸ್ಟೀರಾಯ್ಡ್ ಮುಲಾಮು ಎಂದು ಚರ್ಮದ ವೈದ್ಯರು ಹೇಳಿದಾಗಲೇ ಮನೆಯವರಿಗೆ ಗೊತ್ತಾದದ್ದು. ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರಕಾರ 2018ರಲ್ಲೇ ಆದೇಶ ಹೊರಡಿಸಿದೆ. ಆದೇಶ ದೆಹಲಿಯಲ್ಲಿದೆ, ಟ್ಯೂಬು ನಮ್ಮ ಬೀದಿಯಲ್ಲಿದೆ.

ಪಕ್ಕದ ಕೇರಳದ ಸುದ್ದಿ ಇದಕ್ಕಿಂತ ಭೀಕರ. ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ವೈದ್ಯರು ಮೂತ್ರಪಿಂಡದ ಒಂದು ವಿಶಿಷ್ಟ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯಲ್ಲಿ ಒಂದೇ ಬಗೆಯ ಅಪರೂಪದ ಲಕ್ಷಣ ಸಿಕ್ಕಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಕಾರಣ ಪಾದರಸ. ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಹುಟ್ಟುವುದನ್ನು ಅದು ತಡೆಯುತ್ತದೆ, ಹಾಗೇ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ತಿನ್ನುತ್ತದೆ.

ಕಂಪನಿಗಳನ್ನು ಬೈಯುವುದು ಸುಲಭ, ಬೈಯಲೂ ಬೇಕು. ಹಿಂದೂಸ್ತಾನ್ ಲಿವರ್ ಕಂಪನಿ 'ಫೇರ್ ಅಂಡ್ ಲವ್ಲಿ'ಯನ್ನು 1975ರಲ್ಲಿ ಮಾರುಕಟ್ಟೆಗೆ ತಂದಿತು. ಗಂಡುಮಗನಿಲ್ಲವಲ್ಲ ಎಂದು ಕೊರಗುವ ಬಡ ತಂದೆ, ಕ್ರೀಮು ಹಚ್ಚಿ ಗಗನಸಖಿಯಾಗುವ ಮಗಳು: ಈ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಹೋರಾಡಿತು, 2003ರಲ್ಲಿ ಅದು ನಿಂತಿತು. 2020ರಲ್ಲಿ, ಅಮೆರಿಕದಲ್ಲಿ ಕರಿಯರ ಜೀವಕ್ಕಾಗಿ ಚಳವಳಿ ಎದ್ದು ಜಗತ್ತೆಲ್ಲ ಕಂಪನಿಗಳತ್ತ ತಿರುಗಿ ನೋಡಿದಾಗ, 'ಫೇರ್' ಹೋಗಿ 'ಗ್ಲೋ' ಬಂತು. ಅದೇ ವರ್ಷ ಮದುವೆಯ ಜಾಲತಾಣವೊಂದು ಚರ್ಮದ ಬಣ್ಣ ಆರಿಸಿಕೊಳ್ಳುವ ಸೌಲಭ್ಯವನ್ನು ತೆಗೆದುಹಾಕಿತು. ಒಳ್ಳೆಯದೇ. ಆದರೆ ಆ ಆಯ್ಕೆಯನ್ನು ಜಾಲತಾಣದವರು ಆಕಾಶದಿಂದ ತಂದಿದ್ದರೇ? ನಮ್ಮ ದಿವಾನಖಾನೆಯಿಂದ ತೆಗೆದುಕೊಂಡು ಹೋಗಿದ್ದರು. ವ್ಯಾಪಾರಿ ಗಾಯವನ್ನು ಹುಟ್ಟಿಸಲಿಲ್ಲ, ಗಾಯದ ಮೇಲೆ ಅಂಗಡಿ ಇಟ್ಟ. ಗಾಯ ಮಾಡಿದವರು ನಾವು.

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ಓದುಗರಿಗೆ ನೆನಪಿರಬಹುದು. ರೈತರು, ಮಹಿಳಾ ಸಂಘಟನೆಗಳು, ಸಂಸ್ಕೃತಿಯ ಹೆಸರು ಹೇಳುವವರು, ಒಬ್ಬರಿಗೊಬ್ಬರು ಆಗದವರೆಲ್ಲ ಅದನ್ನು ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ನಮ್ಮ ಮೊಹಲ್ಲಾದ ಹಿರಿಯರೂ ಬೇಹಯಾ ಎಂದು ಹಲ್ಲು ಕಡಿದರು. ಅವರ ಕೋಪ ಬಟ್ಟೆಯ ಮೇಲಿತ್ತು. ಹೆಣ್ಣನ್ನು ನಿಲ್ಲಿಸಿ, ನಡೆಸಿ, ಅಳೆದು ಅಂಕ ಹಾಕುವುದರ ಮೇಲೆ ಅಲ್ಲ. ಇದ್ದಿದ್ದರೆ ಅದೇ ವಾರ ಮನೆಯೊಳಗೆ ದುಪಟ್ಟಾ ಸರಿಸಿ ಕೂದಲಿನ ಉದ್ದ ನೋಡುತ್ತಿರಲಿಲ್ಲ. ಅಲ್ಲಿ ಗೆದ್ದವಳಿಗೆ ಕಿರೀಟವಾದರೂ ಇಟ್ಟರು. ಇಲ್ಲಿ ಗೆದ್ದವಳ ತಂದೆ ಸಾಲದ ಪತ್ರಕ್ಕೆ ಸಹಿ ಹಾಕುತ್ತಾನೆ.

ಕರಿಯನಿಗಿಂತ ಬಿಳಿಯ ಮೇಲಲ್ಲ ಎಂದು ಪ್ರವಾದಿಯವರು ಕೊನೆಯ ಹಜ್ಜಿನಲ್ಲಿ ಹೇಳಿದ್ದನ್ನು ಎಷ್ಟು ಜುಮ್ಮಾ ಖುತ್ಬಾಗಳಲ್ಲಿ ಕೇಳಿಲ್ಲ? ಕಪ್ಪು ಗುಲಾಮ ಬಿಲಾಲರು ಅಜಾನ್ ಕೊಟ್ಟ ಕತೆಗೆ ಕಣ್ಣೊರೆಸಿಕೊಳ್ಳುತ್ತೇವೆ. ಮಗನಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ. ಬಿಲಾಲರ ಬಣ್ಣದ ಸೊಸೆ ಮಾತ್ರ ಬೇಡ.

ಹುಡುಗರ ಪಾಡು ಬೇರೆಯಲ್ಲ. ಗಂಡಸರಿಗೆಂದೇ 2005ರಲ್ಲಿ 'ಫೇರ್ ಅಂಡ್ ಹ್ಯಾಂಡ್‌ಸಮ್' ಬಂತು, ಶಾರೂಖ್ ಖಾನ್ ಅದರ ಜಾಹೀರಾತಿನಲ್ಲಿ ನಿಂತರು. ಆದರೆ ಹುಡುಗರನ್ನು ತೂಗುವ ನಮ್ಮ ತಕ್ಕಡಿಯ ಕಲ್ಲು ಬೇರೆ: ಕೊಲ್ಲಿಯ ವೀಸಾ, ಸ್ವಂತ ಮನೆ, ಗಾಡಿ. ಊರ ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡ ಹುಡುಗನಿಗೆ ಹೆಣ್ಣು ಸಿಗದು. ಅದೇ ಸ್ಪ್ಯಾನರನ್ನು ದಮ್ಮಾಮಿನಲ್ಲಿ ಹಿಡಿದರೆ ನಾಲ್ಕು ಮನೆಯಿಂದ ಪೈಗಾಮ್. ಹೀಗಾಗಿ ಇಪ್ಪತ್ತು ದಾಟದವನು ಕಂತಿನಲ್ಲಿ ಫೋನು ಕೊಂಡು, ಗೆಳೆಯನ ಬೈಕಿಗೆ ಒರಗಿ, ಮುಖ ಬೆಳ್ಳಗೆ ಮಾಡುವ ಫಿಲ್ಟರು ಹಾಕಿ ರೀಲ್ಸ್ ಬಿಡುತ್ತಾನೆ. ನಾಳೆ ಅವನ ಪರವಾಗಿ ಕಾರು ಕೇಳಿದಾಗ ಅವನೇಕೆ ತಲೆ ತಗ್ಗಿಸಿ ಸುಮ್ಮನಿರುತ್ತಾನೆ ಗೊತ್ತೇ? ತನಗೂ ಒಂದು ದರವಿದೆ, ಅದು ಏರಲಿ ಎಂಬುದನ್ನೇ ಅವನಿಗೆ ಕಲಿಸಿದ್ದೇವೆ.

ಯುವಕರು ಕೆಟ್ಟರು, ಮೊಬೈಲು ಕೆಡಿಸಿತು ಎಂದು ಭಾಷಣ ಮಾಡುವ ಜಮಾಅತಿನ ಹಿರಿಯರಲ್ಲಿ ಒಂದು ಕೇಳಿಕೆ. ನಮ್ಮೂರ ಮಸೀದಿಯ ನಿಕಾಹ್ ಪುಸ್ತಕದಲ್ಲಿ ಮಹರ್‌ಗೆ ಕಾಲಂ ಇದೆ, ಸಾಕ್ಷಿಗಳಿಗೆ ಇದೆ, ಜಹೇಜಿಗೆ ಇಲ್ಲ. ಒಂದು ಗೆರೆ ಎಳೆದು ಆ ಕಾಲಂ ಸೇರಿಸಿ. ಕಾರು, ಫ್ರಿಜ್ಜು, ಚಿನ್ನದ ತೊಲ, ರೊಕ್ಕ, ಬಂದದ್ದನ್ನೆಲ್ಲ ಬರೆದು ವರನಿಂದ ಸಹಿ ಹಾಕಿಸಿ. ಮಹರ್ ಎಷ್ಟೆಂದು ಮೈಕಿನಲ್ಲಿ ಓದುವಾಗ ಇದನ್ನೂ ಓದಿ. ಹೆಣ್ಣನ್ನು ಕಿಟಕಿಯ ಬೆಳಕಿಗೆ ಕರೆದವರು ಮೊದಲ ಸಾಲಿನಲ್ಲಿ ಕುಳಿತು ಕೇಳಲಿ.