ಮಂಗನ ಕಾಯಿಲೆಯೂ ಒಬ್ಬ ವೈದ್ಯನ ನಿದರ್ಶನವೂ

ಹುಂಚದ ಪದ್ಮಾವತಿ ಅಮ್ಮನವರ ದರ್ಶನಕ್ಕೆಂದು ದೂರದಿಂದ ಬರುವ ಯಾತ್ರಿಕರಿಗೆ ಆ ಸೀಮೆಯ ಕಾಡು ಕಣ್ಣಿಗೆ ತಂಪಾಗಿ ಕಾಣುವುದು. ಆದರೆ ಆ ಕಾಡಿನ ಅಂಚಿನಲ್ಲಿಯೇ ಬಾಳುವೆ ಮಾಡುವ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲೂಕುಗಳ ಜನರಿಗೆ ಡಿಸೆಂಬರ್ ತಿಂಗಳು ಕಾಲಿಟ್ಟು ಒಣಹವೆ ಹಿಡಿಯಿತೆಂದರೆ ಮನಸ್ಸಿನಲ್ಲಿ ಅಳುಕು ಹುಟ್ಟುವುದು. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ತೋಟಕ್ಕೆ ಸೊಪ್ಪು ಇವೆಲ್ಲವೂ ಕಾಡಿನಿಂದಲೇ ಬರತಕ್ಕವು. ಅದೇ ಕಾಡಿನ ಉಣುಗು ಮೈಗೆ ಹತ್ತಿ ಕಚ್ಚಿತೆಂದರೆ ಕೆಲವು ದಿನಗಳಲ್ಲಿ ಕಡುಜ್ವರ, ತಲೆನೋವು, ಮೈಕೈ ಮುರಿತ, ಕೆಲವರಿಗೆ ರಕ್ತಸ್ರಾವ. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮೇ ತಿಂಗಳು ಕಳೆದು ಮಳೆ ಹಿಡಿಯುವವರೆಗೂ ಈ ಭೀತಿ ತಪ್ಪಿದ್ದಲ್ಲ.

ಇದು ಹೊಸ ರೋಗವೇನೂ ಅಲ್ಲ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಮೇಲೊಂದು ಸತ್ತುಬಿದ್ದಾಗ, ಆಫ್ರಿಕದ ಹಳದಿ ಜ್ವರವೇ ಹಿಂದುಸ್ಥಾನದೊಳಕ್ಕೆ ನುಗ್ಗಿತೋ ಎಂದು ಲೋಕದ ವೈದ್ಯರೆಲ್ಲ ಬೆದರಿದ್ದರು. ಪುಣೆಯ ವಿಷಾಣು ಸಂಶೋಧನಾ ಕೇಂದ್ರದ ಅಂದಿನ ನಿರ್ದೇಶಕರಾಗಿದ್ದ ಅಮೆರಿಕದ ವೈದ್ಯ ಟೆಲ್ಫರ್ಡ್ ವರ್ಕ್ ಅವರೂ ಅವರ ಸಂಗಡಿಗರೂ ಕಾಡಿಗೆ ಬಂದು, ವಿಷಾಣುವನ್ನು ಹಿಡಿದು, ಇದು ರಷ್ಯಾದ ಅರಣ್ಯಜ್ವರದ ದಾಯಾದಿಯೆಂದು ತೋರಿಸಿಕೊಟ್ಟರು. ಆ ರಷ್ಯಾಜ್ವರದ ಲಸಿಕೆಯನ್ನು ಇಲ್ಲಿಯೂ ಪ್ರಯೋಗಿಸಿದರು, ಫಲ ದೊರೆಯಲಿಲ್ಲ. ಮುಂದೆ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸಿ, ಕೊಂದು, ನಮ್ಮದೇ ಒಂದು ಲಸಿಕೆಯನ್ನು ಸಿದ್ಧಪಡಿಸಲಾಯಿತು. ೧೯೯೦ರಿಂದ ೧೯೯೨ರ ವರೆಗೆ ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಸಲ ಚುಚ್ಚಿಸಿಕೊಂಡವರಿಗೆ ನೂರಕ್ಕೆ ೯೩ರಷ್ಟು ರಕ್ಷಣೆ ಕಂಡುಬಂದಿತೆಂದು ವರದಿಯಾಯಿತು.

ಆ ಬಳಿಕ ನಡೆದುದು ವಿಚಾರಣೀಯ. ೨೦೦೫ರಿಂದ ೨೦೧೦ರ ವರೆಗಿನ ಲೆಕ್ಕಗಳನ್ನು ಶಿವಮೊಗ್ಗದ ವೈದ್ಯಾಧಿಕಾರಿ ಡಾ. ಕಾಸಬಿಯವರೂ ಅವರ ಸಹೋದ್ಯೋಗಿಗಳೂ ಶೋಧಿಸಿ ೨೦೧೩ರಲ್ಲಿ ಪ್ರಕಟಿಸಿದಾಗ, ಎರಡು ಚುಚ್ಚುಮದ್ದಿನ ರಕ್ಷಣೆ ನೂರಕ್ಕೆ ೬೨ಕ್ಕೆ ಇಳಿದಿದ್ದುದು ತಿಳಿದುಬಂದಿತು. ಮೂರನೆಯದನ್ನೂ ಹಾಕಿಸಿಕೊಂಡವರಿಗೆ ೮೩ರ ಸಮೀಪ. ಒಂದೇ ಚುಚ್ಚು ಪಡೆದವರಿಗೆ ಹೇಳತಕ್ಕಷ್ಟು ಪ್ರಯೋಜನವೇ ಇಲ್ಲ. ಕೈ ಊದಿ ನೋಯುವ ಈ ಮದ್ದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಲು ಕೂಲಿಯಾಳುಗಳು ಮುಂದೆ ಬಾರದಿದ್ದುದರಲ್ಲಿ ಆಶ್ಚರ್ಯವೇನಿದೆ? ೨೦೧೮-೧೯ರಲ್ಲಿ ಸಾಗರ ತಾಲೂಕಿನ ಅರಲಗೋಡು ಸೀಮೆ ಅನುಭವಿಸಿದ ದುಃಖ ಯಾರೂ ಮರೆತಿಲ್ಲ. ಕಡೆಗೆ ಲಸಿಕೆಯ ಸತ್ತ್ವವೇ ಸಾಲದೆಂದು ಕಂಡುಬಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ೨೦೨೪ರ ಜನವರಿಯಲ್ಲಿ ಇದೇ ಹೊಸನಗರ ತಾಲೂಕಿನ ಒಂದು ಎಳೆಯ ಜೀವ ಈ ಜ್ವರಕ್ಕೆ ಬಲಿಯಾದಾಗ ಜನರ ಕೈಯಲ್ಲಿದ್ದುದು ಮೈಗೆ ಸವರಿಕೊಳ್ಳುವ ಎಣ್ಣೆ ಮಾತ್ರ.

ಇಷ್ಟು ಕಾಲ ಒಂದು ಲಸಿಕೆ ಮೆಲ್ಲನೆ ಬಲಗುಂದುತ್ತಿದ್ದಾಗ ಅದಕ್ಕೆ ಉತ್ತರ ಹೇಳಬೇಕಾದವರು ಯಾರಿದ್ದರು? ಮದ್ದು ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಸಂಸ್ಥೆಯಲ್ಲಿ. ಚುಚ್ಚುತ್ತಿದ್ದವರು ಆರೋಗ್ಯ ಖಾತೆಯವರು. ಮಂಗ ಸತ್ತರೆ ಅದು ಅರಣ್ಯ ಖಾತೆಯವರ ಸರಹದ್ದು. ವಿಷಾಣುವಿನ ವಿದ್ಯೆಯೆಲ್ಲ ಪುಣೆಯಲ್ಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನದನ್ನು ಮಾಡಿರಬಹುದು. ಆದರೆ ರೋಗಿಯ ಹಾಸಿಗೆಯಿಂದ ಮೊದಲ್ಗೊಂಡು ಪ್ರಯೋಗಶಾಲೆ, ಕಾರ್ಖಾನೆ, ಸರಕಾರದ ಖಜಾನೆಗಳ ವರೆಗೆ ಇಡೀ ದಾರಿಯನ್ನು ತನ್ನದೆಂದುಕೊಂಡು ನಡೆಯತಕ್ಕ ಒಬ್ಬ ಮನುಷ್ಯನಿರಲಿಲ್ಲ.

ಅಂಥ ಮನುಷ್ಯನಿರುವುದು ಸಾಧ್ಯವೇ ಎಂದು ಕೇಳುವವರಿಗೆ ನಾವು ಡಾ. ಮಹಾರಾಜ್ ಕಿಶನ್ ಭಾನ್ ಅವರ ಚರಿತ್ರೆಯನ್ನು ತೋರಿಸುತ್ತೇವೆ. ೧೯೪೭ರಲ್ಲಿ ಜನಿಸಿದ ಈ ಕಾಶ್ಮೀರಿ ಗೃಹಸ್ಥರು ಪುಣೆಯ ಸೇನಾ ವೈದ್ಯಕಾಲೇಜಿನಲ್ಲಿ ಓದಿ, ಚಂಡೀಗಢದಲ್ಲಿ ಶಿಶುವೈದ್ಯವನ್ನು ಅಭ್ಯಸಿಸಿ, ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಭೇದಿರೋಗದ ಚಿಕಿತ್ಸೆಗೆ ನಿಂತರು. ರೋಟಾ ಎಂಬ ವಿಷಾಣುವಿನ ಭೇದಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ೭೮,೦೦೦ ಶಿಶುಗಳನ್ನು ಕೊಲ್ಲುವುದೆಂದು ಒಂದು ಕಾಲಕ್ಕೆ ಅಂದಾಜಿತ್ತು. ೧೯೮೦ರ ದಶಕದಲ್ಲಿ ತಮ್ಮ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ ಈ ವಿಷಾಣು ಸೇರಿಯೂ ಭೇದಿ ಹುಟ್ಟದಿದ್ದುದನ್ನು ಅವರು ಕಂಡರು. ಹಾಗೆ ಸೋಂಕಿದ ಮಕ್ಕಳಿಗೆ ಮುಂದೆ ತೀವ್ರವಾದ ರೋಗ ತಗುಲುವುದು ಕಡಮೆಯೆಂಬುದನ್ನೂ ಗಮನಿಸಿದರು. ಶಿಶುಗಳ ತೊಟ್ಟಿಲ ಬಳಿ ನಿಂತ ವೈದ್ಯನ ಕಣ್ಣಿಗೆ ಬಿದ್ದ ಈ ಸಂಗತಿಯೇ ‘೧೧೬-ಇ’ ಎಂಬ ತಳಿಯ ಲಸಿಕೆಗೆ ಬೀಜವಾಯಿತು.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ಅಂಥದೊಂದು ಸೌಮ್ಯ ತಳಿ ದೊರೆತಿತ್ತೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಭಾರತೀಯ ವಿಜ್ಞಾನ ಮಂದಿರದ ಸಿ. ದುರ್ಗಾರಾವ್ ಅವರು ಅಭ್ಯಸಿಸಿದ ಆ ‘ಐ-೩೨೧’ ಎಂಬ ತಳಿಯನ್ನೂ ದಿಲ್ಲಿಯ ತಳಿಯೊಡನೆ ಒಟ್ಟಿಗೆ ಪರೀಕ್ಷಿಸಿದರು. ಓಟದಲ್ಲಿ ದಿಲ್ಲಿಯದು ಮುಂದಾಯಿತು. ನಮಗೆ ಅದಕ್ಕಾಗಿ ಮುನಿಸಿಲ್ಲ. ಶಿಶುಗಳು ಬದುಕಿದರೆ ಸಾಕು.

ಬೀಜ ದೊರೆತ ಮೇಲೆ ಪತ್ರಿಕೆಗಳಲ್ಲಿ ಪ್ರಬಂಧ ಬರೆದು ಕೈತೊಳೆದುಕೊಂಡಿದ್ದರೂ ಭಾನ್ ಅವರ ಕೀರ್ತಿಗೆ ಕುಂದಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅಮೆರಿಕದ ವಿಜ್ಞಾನಿಗಳನ್ನೂ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪೆನಿಯನ್ನೂ ದತ್ತಿನಿಧಿಗಳನ್ನೂ ಒಂದೇ ನೊಗಕ್ಕೆ ಕಟ್ಟಿದವರಲ್ಲಿ ಅವರು ಅಗ್ರಗಣ್ಯರು. ೨೦೦೪ರಿಂದ ೨೦೧೨ರ ವರೆಗೆ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಖಾತೆಯ ಕಾರ್ಯದರ್ಶಿಯಾಗಿದ್ದಾಗ, ಹೊಸ ಶೋಧಗಳನ್ನು ಕೈಗೊಳ್ಳುವ ಸಣ್ಣ ಉದ್ಯಮಗಳಿಗೆ ಹಣ ಒದಗಿಸುವ ಬೈರಾಕ್ ಸಂಸ್ಥೆಗೂ, ಬೆಂಗಳೂರಿನ ಕಾಂಡಕೋಶ ಸಂಶೋಧನಾಲಯಕ್ಕೂ ಅವರ ಕಾಲದಲ್ಲಿಯೇ ತಳಹದಿ ಬಿದ್ದಿತು. ೨೦೧೩ರಲ್ಲಿ ೬,೭೯೯ ಶಿಶುಗಳ ಮೇಲೆ ದಿಲ್ಲಿ, ಪುಣೆ, ವೆಲ್ಲೂರುಗಳಲ್ಲಿ ನಡೆದ ಪರೀಕ್ಷೆಯ ಫಲ ಹೊರಬಿದ್ದಿತು. ಒಂದು ಗುಟುಕಿಗೆ ಒಂದು ಡಾಲರಿನಷ್ಟೇ ಬೆಲೆಯೆಂದು ಮೊದಲೇ ಗೊತ್ತುಮಾಡಲಾಗಿತ್ತು. ೨೦೧೬ರಲ್ಲಿ ಅದು ದೇಶದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ೨೦೧೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆಯಿತು. ತೊಟ್ಟಿಲಿನಿಂದ ಇಲ್ಲಿಗೆ ಬರಲು ಹಿಡಿದುದು ಸುಮಾರು ಮೂವತ್ತು ವರುಷ. ೨೦೨೦ರ ಜನವರಿ ೨೬ರಂದು ಭಾನ್ ಅವರು ತೀರಿಕೊಂಡರು.

ಈ ಲಸಿಕೆಯ ರಕ್ಷಣೆ ನೂರಕ್ಕೆ ಐವತ್ತೈದರ ಆಸುಪಾಸಿನದು ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆಗಿಂತ ಅದು ಅಂಕಿಯಲ್ಲಿ ಹೆಚ್ಚಿನದಲ್ಲ. ಪರೀಕ್ಷಾಕೇಂದ್ರಗಳ ಅಂಕಿಗಳನ್ನು ಬೇರೆ ಬೇರೆಯಾಗಿ ಪ್ರಕಟಿಸಬೇಕೆಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ಬೇಡಿಕೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ವ್ಯತ್ಯಾಸವೊಂದುಂಟು. ಅಲ್ಲಿ ಗುಣದೋಷಗಳೆರಡನ್ನೂ ಜನರಿಗೆ ಕೊಡುವ ಮುನ್ನವೇ ಅಳೆದರು, ಅಳೆದುದಕ್ಕೆ ಹೆಸರಿಟ್ಟುಕೊಂಡು ಹೊಣೆ ಹೊತ್ತವರಿದ್ದರು. ಇಲ್ಲಿ ಲಸಿಕೆ ಬಲಗುಂದಿದುದು ಜನ ಅದನ್ನು ವರ್ಷಗಟ್ಟಲೆ ಚುಚ್ಚಿಸಿಕೊಂಡ ಮೇಲೆ, ಜಿಲ್ಲೆಯ ವೈದ್ಯರು ಲೆಕ್ಕ ಹಿಡಿದು ಕೂತಾಗ ಬೆಳಕಿಗೆ ಬಂದಿತು.

ಭೇದಿ ಕೋಟ್ಯಂತರ ಮಕ್ಕಳ ರೋಗ, ಮಂಗನ ಕಾಯಿಲೆ ವರ್ಷಕ್ಕೆ ಕೆಲವು ನೂರು ಬಡವರದು, ಯಾವ ಕಂಪೆನಿ ಇದಕ್ಕೆ ಬಂಡವಾಳ ಹಾಕೀತು ಎಂದು ಕೆಲವರು ಕೇಳಬಹುದು. ಆಕ್ಷೇಪ ತಳ್ಳಿಹಾಕತಕ್ಕದ್ದಲ್ಲ. ಲಾಭವಿಲ್ಲದ ಕಡೆ ವ್ಯಾಪಾರಿ ಬರಲಾರನು. ಆದುದರಿಂದಲೇ ಅದು ಸರಕಾರದ ಧರ್ಮ. ಅದೂ ಅಲ್ಲದೆ ಈ ಉಣುಗು ಶಿವಮೊಗ್ಗದ ಎಲ್ಲೆಯನ್ನು ಎಂದೋ ದಾಟಿತು. ಬಂಡೀಪುರ, ವಯನಾಡು, ಗೋವೆ, ಸಿಂಧುದುರ್ಗಗಳ ವರೆಗೂ ಜ್ವರ ಮುಟ್ಟಿದೆ. ಪಶ್ಚಿಮಘಟ್ಟದುದ್ದಕ್ಕೂ ಇದರ ಅಗತ್ಯವಿರುವಾಗ ನಾಲ್ಕು ಸರಕಾರಗಳು ಕೂಡಿ ಖರ್ಚನ್ನು ಹಂಚಿಕೊಳ್ಳಲಾರವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೊಂಡಿರುವುದು ಶ್ಲಾಘನೀಯ. ಅದು ಸಿದ್ಧವಾಗಿ ಬರುವಾಗ ಮಲೆನಾಡು ಹಳೆಯ ಅವ್ಯವಸ್ಥೆಯೊಡನೆಯೇ ಅದನ್ನು ಎದುರುಗೊಳ್ಳಬಾರದು. ರೋಗಿಯನ್ನು ಮುಟ್ಟಿ ನೋಡಬಲ್ಲ, ವಿಷಾಣುಶಾಸ್ತ್ರವನ್ನೂ ಬಲ್ಲ ಒಬ್ಬ ವೈದ್ಯವಿಜ್ಞಾನಿಯನ್ನು ರಾಜ್ಯ ಸರಕಾರ ಈಗಲೇ ಆರಿಸಿ, ಹತ್ತು ವರುಷಕ್ಕೆ ಕಡಮೆಯಿಲ್ಲದಂತೆ ಆ ಸ್ಥಾನದಲ್ಲಿರಿಸಬೇಕು. ಪಶುಸಂಗೋಪನೆ, ಅರಣ್ಯ, ಆರೋಗ್ಯ ಈ ಮೂರು ಖಾತೆಗಳೂ ಮಂಗನ ಕಾಯಿಲೆಯ ವಿಷಯದಲ್ಲಿ ಆತನ ಮಾತಿಗೆ ಒಳಪಡಬೇಕು. ಮಂತ್ರಿ ಬದಲಾದೊಡನೆ ಆತನನ್ನು ವರ್ಗಮಾಡಕೂಡದು. ಲಸಿಕೆಯ ಪ್ರತಿಯೊಂದು ಕಂತಿನ ಸತ್ತ್ವಪರೀಕ್ಷೆಯ ಫಲವನ್ನೂ ತಾಲೂಕುವಾರು ರೋಗಿಗಳ ಸಂಖ್ಯೆಯನ್ನೂ ಕನ್ನಡದಲ್ಲಿ ಅಚ್ಚುಹಾಕಿಸಿ ಗ್ರಾಮ ಪಂಚಾಯತಿಗಳಲ್ಲಿ ಅಂಟಿಸತಕ್ಕದ್ದು. ಪುಣೆಯವರು ಹಿಂದೆ ಸಾಗರದಲ್ಲಿಯೇ ಕ್ಷೇತ್ರಕೇಂದ್ರವನ್ನಿಟ್ಟು ಕೆಲಸ ಮಾಡಿದ್ದರು. ಈ ಅಧಿಕಾರಿಯ ಕಚೇರಿಯೂ ಬೆಂಗಳೂರಿನಲ್ಲಿರದೆ ಶಿವಮೊಗ್ಗದಲ್ಲಾಗಲಿ ಸಾಗರದಲ್ಲಾಗಲಿ ಇರಲಿ. ಮುಂಬರುವ ಆಯವ್ಯಯ ಪತ್ರದಲ್ಲಿ ಅದಕ್ಕೆ ಪ್ರತ್ಯೇಕ ಹಣ ಕಾಣಿಸುವುದೋ ಇಲ್ಲವೋ ಎಂಬುದನ್ನು ಈ ಮೂರು ತಾಲೂಕುಗಳ ಶಾಸಕರನ್ನು ಕೇಳುವ ಹಕ್ಕು ಮತದಾರರಿಗಿದೆ.