ಕೀಲುನೋವು: ರೋಗಿಯ ಕೈಯಲ್ಲಿರುವುದೆಷ್ಟು?

ಸಂಧಿವಾತವು ಒಮ್ಮೆ ಬಂದರೆ ಬಹುಪಾಲು ರೋಗಿಗಳಲ್ಲಿ ಬಾಳಿನುದ್ದಕ್ಕೂ ಉಳಿಯುವ ವ್ಯಾಧಿ. ವೈದ್ಯರು ರೋಗಿಯನ್ನು ಕಾಣುವುದು ಅಪರೂಪಕ್ಕೊಮ್ಮೆ, ಅದೂ ಕೆಲವೇ ನಿಮಿಷ. ಉಳಿದೆಲ್ಲ ಹೊತ್ತು ಮಾತ್ರೆ ನುಂಗುವುದು, ನಡೆಯುವುದು, ವಿಶ್ರಮಿಸುವುದು, ನೋವು ಉಲ್ಬಣಿಸಿದಾಗ ಏನು ಮಾಡಬೇಕೆಂದು ನಿರ್ಧರಿಸುವುದು ಎಲ್ಲವೂ ರೋಗಿಯ ಪಾಲಿನದೇ. ಈ ಹೊಣೆಯನ್ನು ಅವರು ಎಷ್ಟರಮಟ್ಟಿಗೆ ನಿರ್ವಹಿಸುತ್ತಿದ್ದಾರೆಂದು ವಿಚಾರಿಸುವವರು ವಿರಳ. ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಅದು ಕಾಣಿಸದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇಟ್ ಲೋರಿಗ್ ಮತ್ತು ಅವರ ಸಂಗಡಿಗರು ಸಂಧಿವಾತ ರೋಗಿಗಳಿಗಾಗಿ ವಾರಕ್ಕೊಮ್ಮೆಯಂತೆ ಆರು ವಾರಗಳ ತರಗತಿಗಳನ್ನು ರೂಪಿಸಿದರು. ತರಬೇತಿ ಪಡೆದ ಜನಸಾಮಾನ್ಯರೇ ಅಲ್ಲಿ ಬೋಧಕರು. ಅವರಲ್ಲಿ ಅನೇಕರು ಸ್ವತಃ ಈ ವ್ಯಾಧಿಪೀಡಿತರು. ವ್ಯಾಯಾಮವನ್ನು ಹೆಚ್ಚಿಸಿದವರೇ ಹೆಚ್ಚು ಸುಧಾರಿಸುವರೆಂಬ ನಿರೀಕ್ಷೆ ಅಷ್ಟಾಗಿ ಫಲಿಸಲಿಲ್ಲ. ನೋವಿನ ಮೇಲೆ ತಮಗೂ ಹಿಡಿತವುಂಟೆಂಬ ಭರವಸೆ ಬೆಳೆದವರಲ್ಲಿ ಸುಧಾರಣೆ ಹೆಚ್ಚಾಗಿ ಕಂಡಿತು. ಈ ಭರವಸೆಯನ್ನು ಅಳೆಯಲೆಂದೇ 1989ರಲ್ಲಿ ಅವರು 20 ಪ್ರಶ್ನೆಗಳ ಮಾಪನವೊಂದನ್ನು ಪ್ರಕಟಿಸಿದರು. ನೋವನ್ನು ತಗ್ಗಿಸಿಕೊಳ್ಳುವುದು, ನಿತ್ಯದ ಚಲನವಲನ, ಆಯಾಸ ಮತ್ತು ಬೇಸರಗಳನ್ನು ನಿಭಾಯಿಸುವುದು ಎಂಬ ಮೂರು ವಿಭಾಗಗಳು. ಪ್ರತಿ ಪ್ರಶ್ನೆಗೂ 10ರಿಂದ 100ರವರೆಗೆ ಅಂಕ. 1993ರಲ್ಲಿ ಪ್ರಕಟವಾದ ವರದಿಯಂತೆ, ನಾಲ್ಕು ವರ್ಷಗಳ ಬಳಿಕ ಈ ತರಗತಿಗಳಲ್ಲಿ ಭಾಗವಹಿಸಿದವರ ನೋವು ಸರಾಸರಿ ಶೇಕಡಾ 20ರಷ್ಟು, ವೈದ್ಯರ ಭೇಟಿಗಳು ಶೇಕಡಾ 40ರಷ್ಟು ಇಳಿದಿದ್ದವು. ದೈಹಿಕ ಅಸಾಮರ್ಥ್ಯವಾದರೋ ಶೇಕಡಾ 9ರಷ್ಟು ಏರಿತ್ತು. ರೋಗ ಮುಂದುವರಿದರೂ ರೋಗಿ ಕುಗ್ಗದೆ ಬಾಳಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಭರವಸೆಯೊಂದೇ ಸಾಲದು, ತಿಳಿವಳಿಕೆಯೂ ಬೇಕು. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರದಲ್ಲಿ ಒಂದು ನಿಗದಿತ ದಿನ ಮಾತ್ರ ಸೇವಿಸತಕ್ಕದ್ದು. ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ 'ಮಾತ್ರೆ ತೆಗೆದುಕೊಂಡಿರಾ?' ಎಂದು ಕೇಳುವುದಕ್ಕಿಂತ 'ವಾರದ ಯಾವ ದಿನ ತೆಗೆದುಕೊಳ್ಳುತ್ತೀರಿ?' ಎಂದು ಕೇಳುವುದು ಲೇಸು. ವೈದ್ಯರು ಸೂಚಿಸಿದ ರಕ್ತಪರೀಕ್ಷೆ ಆಗಿದೆಯೇ? ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು ತರಬಲ್ಲ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುತ್ತಿರುವರೇ? ಸ್ಟಿರಾಯ್ಡನ್ನು ತಮ್ಮಷ್ಟಕ್ಕೇ ಹಠಾತ್ತನೆ ನಿಲ್ಲಿಸಿರುವರೇ? ಮೊಣಕಾಲಿನ ಸವೆತವುಳ್ಳವರು ದೇಹದ ತೂಕದ ಕಡೆಗೆ, ತೊಡೆಯ ಸ್ನಾಯುಗಳ ವ್ಯಾಯಾಮದ ಕಡೆಗೆ ಗಮನವಿತ್ತಿರುವರೇ? ಇವು ಪ್ರತಿ ಮನೆಯಲ್ಲೂ ಕೇಳಬಹುದಾದ ಪ್ರಶ್ನೆಗಳು.

ನಮ್ಮ ಕುಟುಂಬಗಳಲ್ಲಿ ಎರಡು ಬಗೆಯ ತಪ್ಪು ನಡೆಯುವುದುಂಟು. ನೋವನ್ನು ಶಿಲುಬೆಯೆಂದು ಮೌನವಾಗಿ ಹೊರುವ ಹಿರಿಯರನ್ನು ನಾವು ಕೊಂಡಾಡುತ್ತೇವೆ. ಸಹನೆ ಸದ್ಗುಣವೇ ಸರಿ. ಆದರೆ ಬಚ್ಚಿಟ್ಟ ನೋವು ಚಿಕಿತ್ಸೆಯನ್ನು ತಡಮಾಡುತ್ತದೆ, ತಡವಾದಲ್ಲಿ ರುಮಟಾಯ್ಡ್ ವ್ಯಾಧಿಯಿಂದ ಹಾಳಾದ ಕೀಲು ಮತ್ತೆ ಮೊದಲಿನಂತಾಗದು. ಇನ್ನು ಕೆಲವರು ಪ್ರೀತಿಯಿಂದಲೇ ಎಲ್ಲ ಕೆಲಸಗಳನ್ನೂ ತಾವು ಮಾಡಿ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ. ಬಳಸದ ಸ್ನಾಯು ಸೊರಗುತ್ತದೆ, ಕೀಲು ಇನ್ನಷ್ಟು ಬಿಗಿಯುತ್ತದೆ.

ಇಂತಹ ಮಾಪನದಲ್ಲಿ ಬಂದ ಕಡಿಮೆ ಅಂಕವನ್ನು ರೋಗಿಯ ಮೇಲೆ ಆರೋಪವಾಗಿ ಹೊರಿಸಲಾಗದು. ಬೆಳಗಿನ ಹೊತ್ತು ಬೆರಳು ಮಡಿಸಲಾರದವರು ಔಷಧದ ಬಾಟಲಿಯ ಮುಚ್ಚಳ ತಿರುಗಿಸಲಾರರು. ಮಾತ್ರೆ ತಪ್ಪಿದ್ದು ಅವರ ಸೋಮಾರಿತನದಿಂದಲ್ಲ. ಎಲ್ಲಿ ನೆರವು ತಲುಪಿಲ್ಲವೆಂಬುದನ್ನು ಆ ಅಂಕ ತೋರಿಸಿಕೊಡುತ್ತದೆ. ವೈದ್ಯರ ಬಳಿಗೆ ಹೋಗುವ ಮುನ್ನ ಮನೆಯವರು ರೋಗಿಯೊಡನೆ ಅರ್ಧ ಗಂಟೆ ಕುಳಿತು ಮೇಲಿನ ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳಲಿ. ವೈದ್ಯರು ಕೊಡುವ ಆ ಕೆಲವು ನಿಮಿಷಗಳು ಆಗ ಸಾರ್ಥಕವಾದಾವು.