ಊರು ಕಳೆದುಕೊಂಡ ಬೆಳ್ಳಿ

ನಮ್ಮ ಮೈಸೂರಿನಲ್ಲಿ ಹಳೆಯ ನಾಣ್ಯ ಕೂಡಿಡುವ ಹವ್ಯಾಸಿಗಳಿಗೆ ಕೊರತೆಯಿಲ್ಲ. ಈಚೆಗೆ ಅಂಥ ಮಿತ್ರರೊಬ್ಬರು ಮಕಮಲ್ಲಿನ ಪೆಟ್ಟಿಗೆ ತೆರೆದು, ರೋಮಿನ ಬೆಳ್ಳಿಯ ದಿನಾರಿಯಸ್ ಒಂದನ್ನು ನನ್ನ ಅಂಗೈಯ ಮೇಲಿಟ್ಟರು. ಒಂದು ಬದಿಗೆ ಎಲೆಮಾಲೆ ಧರಿಸಿದ ಟೈಬೀರಿಯಸ್ ಚಕ್ರವರ್ತಿಯ ತಲೆ; ಇನ್ನೊಂದು ಬದಿಗೆ ಪೀಠದಲ್ಲಿ ಕುಳಿತ ಸ್ತ್ರೀ, ಸುತ್ತಲೂ ಅವನ ಮಹಾಪುರೋಹಿತ ಪದವಿಯನ್ನು ಸಾರುವ ಲ್ಯಾಟಿನ್ ಅಕ್ಷರಗಳು. ‘ಸಿಕ್ಕಿದ್ದೆಲ್ಲಿ?’ ಎಂದು ಕೇಳಿದೆ.

‘ಎಲ್ಲಿ ಸಿಕ್ಕರೇನು ಸ್ವಾಮಿ? ಅಸಲಿಯಾದರೆ ಸಾಲದೇ?’ ಎಂದರು.

ಸಾಲದು. ದಕ್ಷಿಣ ಭಾರತದಲ್ಲಿ ದೊರೆತ ರೋಮಿನ ಬೆಳ್ಳಿಯಲ್ಲಿ ಹೆಚ್ಚಿನ ಪಾಲು ಎರಡೇ ಮಾದರಿಯದು: ಒಂದು ಇದು; ಇನ್ನೊಂದು ಆಗಸ್ಟಸನದು, ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೇಯಸ್, ಲೂಸಿಯಸ್ ಇಬ್ಬರೂ ಗುರಾಣಿ ಭರ್ಜಿಗಳೊಡನೆ ನಿಂತಿದ್ದಾರೆ. ಒಮ್ಮೆ ಕಂಡವರು ಮರೆಯಲಾರರು. ತೂಕ ನಾಲ್ಕು ಗ್ರಾಮಿಗೆ ತುಸು ಕಡಮೆ; ಅಂಚಿನಲ್ಲಿ ಎರಕದ ಗೆರೆ ಕಂಡರೆ ಸಂಶಯಪಡಬೇಕು. ಗುರುತಿಸುವ ವಿದ್ಯೆಯ ಮೊದಲ ಪಾಠವಿಷ್ಟೇ. ಇದಕ್ಕೇ ಪಾಂಡಿತ್ಯದ ಪೇಟ ಸುತ್ತಿಕೊಳ್ಳುವುದೇಕೆ?

ಚಿತ್ರದುರ್ಗದ ಮಗ್ಗುಲ ಚಂದ್ರವಳ್ಳಿಯನ್ನು ನೋಡಿ. 1929ರಲ್ಲಿ ನಮ್ಮವರೇ ಆದ ಎಂ. ಎಚ್. ಕೃಷ್ಣ ಅಲ್ಲಿ ಅಗೆಸಿದರು; 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದಾಗ ಟೈಬೀರಿಯಸನದೇ ಒಂದು ದಿನಾರಿಯಸ್, ಸಾತವಾಹನರ ನಾಣ್ಯಗಳಿದ್ದ ಪದರದಲ್ಲಿ ದೊರೆಯಿತು. ಜೊತೆಗಿದ್ದ ಮಡಕೆಚೂರುಗಳಿಗೆ ಅದರಿಂದ ಕಾಲ ಸಿಕ್ಕಿತು: ಕ್ರಿಸ್ತಶಕದ ಮೊದಲನೆಯ ಶತಮಾನ. ಬ್ರಹ್ಮಗಿರಿಯ ಪದರಗಳ ಲೆಕ್ಕಕ್ಕೂ ಅದು ಗೂಟವಾಯಿತು. ಒಂದೇ ಒಂದು ಬಿಲ್ಲೆ! ಅದನ್ನೇ ಯಾರಾದರೂ ತೊಳೆದು, ಹೊಳಪಿಟ್ಟು ಪೇಟೆಗೆ ತಂದಿದ್ದರೆ ಬೆಲೆ ಬರುತ್ತಿತ್ತು, ಚಂದ್ರವಳ್ಳಿ ಮೂಕವಾಗುತ್ತಿತ್ತು.

ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿನಾಣ್ಯಗಳು ಸಿಕ್ಕಿದವು. 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ 256. ಒಂದೇ ನಗರದ ಸೆರಗಿನಲ್ಲಿ ಎರಡು ಗಂಟು! ಕಡಲಿನಿಂದ ಇಷ್ಟು ಒಳಗೆ ಈ ಹಣ ಹೇಗೆ ಬಂತು ಎಂಬ ಪ್ರಶ್ನೆಯೇ, ಊರಿನ ಹೆಸರು ಉಳಿದದ್ದರಿಂದ ಹುಟ್ಟಿತು.

ಮಿತ್ರರ ವಾದವನ್ನೂ ಕೇಳಿದ್ದೇನೆ. ‘ನಾವು ಕೊಳ್ಳದಿದ್ದರೆ ಅಕ್ಕಸಾಲೆಯ ಮೂಸೆಗೆ ಹೋಗುತ್ತಿತ್ತು.’ ನಿಜವಿರಬಹುದು. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. ನೇಗಿಲು ಹಿಡಿದವನಿಗೆ ಕಚೇರಿಯ ಮೆಟ್ಟಿಲು ಸವೆಸುವ ಭಯವೂ ಇದೆ. ಆ ಭಯವನ್ನು ಹೋಗಲಾಡಿಸದ ಅಧಿಕಾರಿಗಳೂ ಹೊಣೆಗಾರರೇ. ಆದರೆ ಕೊಳ್ಳುವವನು ಊರು ಕೇಳದಿದ್ದರೆ ಮಾರುವವನು ಏಕೆ ಹೇಳಿಯಾನು? ಯಾವ ಹಳ್ಳಿ, ಯಾವ ಹೊಲ, ಎಷ್ಟು ನಾಣ್ಯ, ಎಂಥ ಮಡಕೆ ಎಂದು ವಿಚಾರಿಸಿ ಬರೆದಿಡಲು ಒಂದು ತುಂಡು ಕಾಗದ ಸಾಕಲ್ಲವೇ?

ನಾನು ಕನ್ನಡದ ಮೇಷ್ಟ್ರು. ಅಂಕಿತವಿಲ್ಲದ ವಚನ ಸಿಕ್ಕರೆ ಕರ್ತೃ ಯಾರೆಂದು ನಾವು ವರ್ಷಗಟ್ಟಲೆ ಕಾದಾಡುತ್ತೇವೆ. ಇಲ್ಲಿ ದೊರೆಯ ಅಂಕಿತ ಢಾಳಾಗಿದೆ, ಊರೊಂದಿಲ್ಲ. ಯಾರಿಗೂ ನಿದ್ದೆ ಕೆಟ್ಟಿಲ್ಲ.

ಅಂದು ಮಿತ್ರರು ಪೆಟ್ಟಿಗೆ ಮುಚ್ಚುವ ಮುನ್ನ ಇಣುಕಿ ನೋಡಿದೆ. ಪ್ರತಿ ನಾಣ್ಯದ ಕೆಳಗೂ ಒಂದು ಚೀಟಿ ಇತ್ತು. ಅದರಲ್ಲಿ ಕೊಂಡ ಬೆಲೆ ಮಾತ್ರ ಬರೆದಿತ್ತು.